ನಾಲ್ಕನೇ ಪಾಲು

ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯಲ್ಲಿ, ಜೀರಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಕೋಸಿನ ಹೊಲಗಳ ನಡುವೆ ಸ್ವಲ್ಪ ದೂರ ನಡೆದರೆ ಒಂದು ಕನ್ನಡ ಶಾಲೆ ಸಿಗುತ್ತದೆ. ಆ ಶಾಲೆಗೆ ಆಷಾಢದ ಗಾಳಿಯಲ್ಲಿ ಸ್ಮಾರ್ಟ್ ಬೋರ್ಡು ಬಂತು. ದಿಂಬಂ ಘಾಟಿ ಹತ್ತಿಸಿಕೊಂಡು ಅದನ್ನು ತಂದ ಇಬ್ಬರು ಹುಡುಗರು ಗೋಡೆಗೆ ಮೊಳೆ ಹೊಡೆದು, ವೈರು ಎಳೆದು, ಮಂಗಳಗೌರಿ ಮಿಸ್ಸಿಗೆ ತಮಿಳಿನಲ್ಲಿ ಒಂದೇ ಮಾತು ಹೇಳಿದರು: "ತೊಟ್ಟಾ ಪೋದುಂ ಟೀಚರ್." ಮುಟ್ಟಿದರೆ ಸಾಕಂತೆ. ಇಷ್ಟು ಹೇಳಿ, ಆನೆ ದಾಟುವ ಹೊತ್ತಿಗೆ ಮುಂಚೆ ಘಾಟಿ ಇಳಿಯಬೇಕೆಂದು ಟೀ ಕೂಡ ಕುಡಿಯದೆ ಹೊರಟುಹೋದರು.

ಮಂಗಳಗೌರಿ ಆ ಬೋರ್ಡನ್ನು ಮನೆಗೆ ಬಂದ ಹೊಸ ಸೊಸೆಯನ್ನು ಅತ್ತೆ ನೋಡುವ ಹಾಗೆ ಓರೆಗಣ್ಣಲ್ಲಿ ನೋಡಿದಳು. ಬರುವ ಬೇಸಿಗೆಗೆ ಅವಳಿಗೆ ನಿವೃತ್ತಿ. ಇಡೀ ಬದುಕು ಸೀಮೆಸುಣ್ಣ ತಿಂದ ಕೈಗೆ ಈಗ ಗಾಜು ಮುಟ್ಟುವ ಯೋಗ. ಆದರೂ ಅವಳು ಹೊಸದಕ್ಕೆ ಮೂತಿ ತಿರುಗಿಸುವ ಜಾತಿಯಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮಕ್ಕಳಿಗೆ ದಿನಾ ಹೇಳುವವಳು ತಾನೇ ನೆಲವನ್ನು ಬೈದಾಳೆಯೇ? ಶಾಲೆಯ ಇನ್ನೊಬ್ಬ ಟೀಚರು, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಮೇಘಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಎರಡೇ ದಿನದಲ್ಲಿ ಕಲಿತಳು.

ನಾಲ್ಕನೇ ತರಗತಿಗೆ ಅಂದು ಭಿನ್ನರಾಶಿ. ಬೋರ್ಡಿನ ಜೊತೆಗೇ ಬಂದಿದ್ದ ವಿಡಿಯೋಗಳಲ್ಲಿ ಮೇಘ ಒಂದನ್ನು ಹುಡುಕಿ ಹಾಕಿದಳು. ಒಬ್ಬ ಬೊಂಬೆ ಹುಡುಗ ಬಂದ. ದುಂಡನೆಯ ಪಿಜ್ಜಾ ಮುಂದಿಟ್ಟುಕೊಂಡು ಚುರುಕು ತಮಿಳಿನಲ್ಲಿ ಶುರು ಹಚ್ಚಿಕೊಂಡ. ತಾಳವಾಡಿಯ ಮಕ್ಕಳಿಗೆ ತಮಿಳು ಬರುವುದಿಲ್ಲವೆಂದಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು, ಬಸ್ಸಿನಲ್ಲಿ ಜಗಳ ಆಡುವಷ್ಟು ಎಲ್ಲರಿಗೂ ಬರುತ್ತದೆ. ಲೆಕ್ಕದ ತಮಿಳು ಬೇರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಬೋರ್ಡು ಒಂದು ಕಡೆ, ಮಕ್ಕಳು ಒಂದು ಕಡೆ.

ಮಂಗಳಗೌರಿ ದನಿಯನ್ನು ಪೂರ್ತಿ ಇಳಿಸಿ, ಚಿತ್ರ ಓಡುತ್ತಿದ್ದ ಹಾಗೆಯೇ ತಾನು ಕನ್ನಡದಲ್ಲಿ ಹೇಳತೊಡಗಿದಳು. ಇದು ಅವಳ ಹಳೆಯ ವರಸೆ. ಬೇರೆ ಭಾಷೆಯ ಚಿತ್ರ ಯಾವುದು ಬಂದರೂ ಅದರ ಬಾಯಿ ಕಟ್ಟಿ, ತನ್ನ ಬಾಯಿ ಕೊಡುವುದು.

"ಮಿಸ್, ಆ ರೊಟ್ಟಿ ಮ್ಯಾಲೆ ಯಾಕೆ ಟಮಾಟೆ ಚೆಲ್ಲವ್ರೆ?" ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು.

"ರೊಟ್ಟಿ ಅಳಸೋಗಿರಬೇಕು ಕಣೆ," ಎಂದು ಹಿಂದಿನಿಂದ ಯಾರೋ ಉತ್ತರ ಕೊಟ್ಟರು.

ತರಗತಿ ನಕ್ಕಿತು, ಮಂಗಳಗೌರಿಯೂ ನಕ್ಕಳು. ನಗುತ್ತಲೇ ಅವಳಿಗೆ ಬೇರೊಂದು ಪಾಠ ನೆನಪಾಯಿತು. ರೊಟ್ಟಿ, ಟೊಮೊಟೊ ಯಾವುದೂ ಇಲ್ಲದೆ, ಈ ಮಕ್ಕಳ ಮಾತಿನಲ್ಲೇ ಭಿನ್ನರಾಶಿ ಹೇಳಿಕೊಟ್ಟ ವಿಡಿಯೋ ಒಂದು ಹಿಂದೆ ಇತ್ತು. ಅದನ್ನು ತೆಗೆದವಳು ಅವಳೇ. ಅದರಲ್ಲಿ ಪಾಠ ಮಾಡಿದವಳು ಅವಳ ಅತ್ತೆ ಶಿವಮಲ್ಲಮ್ಮ.

ಕೊರೊನಾದ ಮೊದಲ ವರ್ಷ ಅದು. ಶಾಲೆಗೆ ಬೀಗ. ಟಿವಿಯಲ್ಲಿ ಪಾಠ ಬರುತ್ತಿತ್ತು, ಅದೂ ತಮಿಳಿನಲ್ಲಿ. ಫೋನಿನಲ್ಲಿ ನೋಡೋಣವೆಂದರೆ ಬಂಡೆ ಹತ್ತಿ ಕೈಯೆತ್ತಿ ಹಿಡಿದರೆ ಟವರು ಒಂದು ಗೆರೆ, ಇಳಿದರೆ ಅದೂ ಇಲ್ಲ. ಮಕ್ಕಳು ದನದ ಹಿಂದೆ, ಬೆಳ್ಳುಳ್ಳಿ ಹೊಲದ ಹಿಂದೆ ಚೆದುರಿಹೋದರು. ಮಂಗಳಗೌರಿಗೆ ಮನೆಯಲ್ಲಿ ಕೂತು ಸಂಬಳ ತಿನ್ನಲು ಮನಸ್ಸು ಒಪ್ಪಲಿಲ್ಲ. ಫೋನನ್ನು ರಾಗಿ ಅಳೆಯುವ ಸೇರಿಗೆ ಒರಗಿಸಿ, ಎದುರು ನಿಂತು ಪಾಠ ಹೇಳಿ ನೋಡಿದಳು. ತೆಗೆದ ವಿಡಿಯೋ ನೋಡಿದಾಗ ಅವಳಿಗೇ ನಿದ್ದೆ ಬಂತು.

"ಏನ್ ಕೂಸೆ ಅದು, ಗೋಡೆ ಕೂಡೆ ಮಾತಾಡ್ತಾ ಇದ್ದೀಯೆ?" ಅಂದಳು ಒಲೆಯ ಮುಂದೆ ಕೂತಿದ್ದ ಶಿವಮಲ್ಲಮ್ಮ.

"ಮಕ್ಕಳಿಗೆ ಕಾಲು ಭಾಗ, ಅರ್ಧ ಭಾಗ ಹೇಳಿಕೊಡಬೇಕು ಅತ್ತೆ."

"ಅದುಕ್ಯಾಕೆ ಗೋಡೆ? ಮುದ್ದೆ ಅದಲ್ಲ."

ಮಂಗಳಗೌರಿಯ ಗಂಡನ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮುದ್ದೆಯನ್ನು ಒಬ್ಬೊಬ್ಬರಿಗೆ ಒಂದೊಂದು ಕಟ್ಟುವುದಿಲ್ಲ. ಒಂದೇ ದೊಡ್ಡ ಮುದ್ದೆ ಕಟ್ಟಿ, ನೀರು ಸವರಿದ ಹಲಗೆಯ ಮೇಲೆ ಇಟ್ಟು, ಒದ್ದೆ ದಾರದಿಂದ ಕೊಯ್ದು ಪಾಲು ಮಾಡುವುದು. ಮಕ್ಕಳು ತುಂಬಿದ ಮನೆಯಲ್ಲಿ ದೊಡ್ಡದು ಚಿಕ್ಕದು ಎಂದು ತಗಾದೆ ಬರಬಾರದೆಂದು ಶಿವಮಲ್ಲಮ್ಮನ ಅತ್ತೆ ಮಾಡಿದ್ದ ಏರ್ಪಾಡಂತೆ. ಮಕ್ಕಳೆಲ್ಲ ಬೇರೆ ಬೇರೆ ಒಲೆ ಹೂಡಿ, ಮಗ ಸೋಮಶೇಖರ, ಸೊಸೆ, ಹೊಲ ಕಾಯುವ ಆಳು, ತಾನು ಎಂದು ಉಣ್ಣುವವರು ನಾಲ್ಕೇ ಜನ ಉಳಿದ ಮೇಲೂ ಶಿವಮಲ್ಲಮ್ಮ ದಾರ ಬಿಟ್ಟಿರಲಿಲ್ಲ.

ಮಂಗಳಗೌರಿ ಫೋನು ಕೈಗೆತ್ತಿಕೊಂಡಳು. ಶಿವಮಲ್ಲಮ್ಮ ಸೆರಗು ತಲೆಗೆ ಎಳೆದುಕೊಂಡು, ಹೆಬ್ಬೆರಳುಗಳ ನಡುವೆ ದಾರ ಬಿಗಿದು, ಆವಿ ಏಳುತ್ತಿದ್ದ ಮುದ್ದೆಯನ್ನು ಸೀಳಿದಳು. "ಇದು ಇಡೀದು. ಈಗ ಅರೆ ಆಯ್ತು. ನೋಡ್ರಲಾ, ಅರೆಯ ಅರೆ ಮಾಡುದ್ರೆ ಕಾಲು. ನಾಕು ಕಾಲು ಸೇರುದ್ರೆ ಮತ್ತೆ ಇಡೀದೆ. ಎಮ್ಮೆಗೂ ನಾಕೇ ಕಾಲು, ಮುದ್ದೆಗೂ ನಾಕೇ ಕಾಲು, ಮರೀಬ್ಯಾಡಿ." ಆಮೇಲೆ ಒಂದೊಂದೇ ಪಾಲು ಎತ್ತಿ ತಟ್ಟೆಗೆ ಇಟ್ಟಳು. "ಇದು ನಮ್ ಸೋಮಂಗೆ. ಇದು ಒಲ ಕಾಯೋ ನಂಜಯ್ಯಂಗೆ. ಇದು ನಂಗೆ." ನಾಲ್ಕನೆಯದನ್ನು ಕೈಯಲ್ಲಿ ಎತ್ತಿ ನೇರ ಫೋನಿನ ಕಡೆಗೇ ಚಾಚಿದಳು. "ತಕ್ಕೊ ಗೌರಿ, ಇದು ನಿಂದು. ಆರೋಯ್ತದೆ, ಪಟ ಆಮ್ಯಾಕೆ ತಗಿ."

"ಅಯ್ಯೋ ಅತ್ತೆ, ಅದನ್ನ ಯಾಕೆ ಹೇಳಿದ್ರಿ? ಪಾಠ ಕೆಟ್ಟುಹೋಯ್ತು," ಎಂದು ಮಂಗಳಗೌರಿ ರೇಗಿದಳು.

ವಿಡಿಯೋದ ಬಾಲವನ್ನು ಕತ್ತರಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಗಂಡನ ತಮ್ಮನ ಮಗ ಉಮಾಶಂಕರ ಗೆಟ್ಟವಾಡಿಯಲ್ಲಿದ್ದ. ದಿನಾ ಗಡಿ ದಾಟಿ ಚಾಮರಾಜನಗರದ ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಹೋಗುವವನು, ಆಗ ಅದೂ ಮುಚ್ಚಿ ಮನೆಯಲ್ಲಿದ್ದ. ಒಮ್ಮೆ ಮನೆಗೆ ಬಂದಾಗ ವಿಡಿಯೋವನ್ನು ತನ್ನ ಫೋನಿಗೆ ಹಾಕಿಕೊಂಡು, ನಾಲ್ಕನೇ ಪಾಲಿನ ತುಂಡನ್ನು ಕತ್ತರಿಸಿ ಕೊಟ್ಟ, ಕತ್ತರಿಸುವುದನ್ನು ಕಲಿಸಿಯೂ ಕೊಟ್ಟ. ಆಮೇಲೆ ಅವಳು ಪ್ರತಿ ಸಲವೂ ಕತ್ತರಿಸಿದಳು. ಯಾಕೆಂದರೆ ಶಿವಮಲ್ಲಮ್ಮ ಪ್ರತಿ ಸಲವೂ ಅದನ್ನೇ ಮಾಡಿದಳು. ತೂಕದ ಪಾಠದಲ್ಲಿ ಬೆಲ್ಲ, ಗುಣಾಕಾರದ ಪಾಠದಲ್ಲಿ ಕಡಲೆಕಾಯಿ, ಕೊನೆಗೆ ಒಂದು ಕೈ ಫೋನಿನ ಕಡೆಗೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸೊಸೆ ಗೊಣಗುತ್ತಿದ್ದಳು. ಒಳಗೊಳಗೆ ಅವಳಿಗೆ ಇಷ್ಟವೇ ಆಗುತ್ತಿತ್ತು, ಆದರೆ ಅತ್ತೆಯ ಎದುರು ಅದನ್ನು ಒಪ್ಪಿಕೊಳ್ಳುವ ಸೊಸೆ ಆ ಸೀಮೆಯಲ್ಲೇ ಹುಟ್ಟಿರಲಿಲ್ಲ.

ಟವರಿಲ್ಲದ ಊರಿಗೆ ಪಾಠ ಹಂಚುವ ದಾರಿಯೂ ಸಿಕ್ಕಿತು. ಬೆಳಗ್ಗೆ ಎಲ್ಲ ಮನೆಯವರೂ ಹಾಲು ತರುವ ಜಾಗ ಡೈರಿ. ಹಾಲು ಅಳೆದು ಸ್ಯಾಂಪಲ್ ತೆಗೆಯುವವರೆಗೆ ಕ್ಯಾನು ಹಿಡಿದು ದೂರ ದೂರ ನಿಲ್ಲಬೇಕು. ಮಂಗಳಗೌರಿ ಅಲ್ಲೊಂದು ಕಲ್ಲಿನ ಮೇಲೆ ಕೂತು ಒಬ್ಬೊಬ್ಬರ ಫೋನಿಗೂ ಅಂದಿನ ಪಾಠ ಹಾಕಿ ಕಳಿಸುತ್ತಿದ್ದಳು. ಮಂಜು ಸುರಿಯುತ್ತಿತ್ತು, ಹಸಿ ಹಾಲಿನ ವಾಸನೆ ಬರುತ್ತಿತ್ತು. "ಇವತ್ತು ಅಜ್ಜಿ ಏನ್ ಕೊಯ್ದವ್ರೆ ಗೌರಕ್ಕ?" ಎಂದು ಕೇಳುತ್ತಾ ಹೆಂಗಸರು ಫೋನು ಚಾಚುತ್ತಿದ್ದರು. ಊರೆಲ್ಲ ಮೂಗು ಬಾಯಿ ಮುಚ್ಚಿಕೊಂಡು ಹೆದರಿ ಕೂತಿದ್ದ ಕಾಲವನ್ನು ಚೆನ್ನಾಗಿತ್ತು ಅನ್ನಬಾರದು. ಆದರೂ ಮಂಗಳಗೌರಿಗೆ ತನ್ನ ನೌಕರಿಯಲ್ಲೆಲ್ಲ ಅಂಥ ಬೆಳಗುಗಳು ಮತ್ತೆ ಬರಲಿಲ್ಲ. ನಾಚಿಕೆ ಬಿಟ್ಟು ಹೇಳುವುದಾದರೆ, ಅವು ಅವಳ ಸುಖದ ದಿನಗಳು.

ಫೋನಿನಲ್ಲಿ ಜಾಗ ಸಾಲದೆ ಪಾಠಗಳೆಲ್ಲ ಒಂದು ಮೆಮೊರಿ ಕಾರ್ಡಿಗೆ ಹೋದವು. ಕಾರ್ಡು ಒಳಗಿದ್ದರೆ ಹಳೆಯ ಫೋನು ಮೊಂಡು ಹಿಡಿದು ನಿಂತುಬಿಡುತ್ತಿತ್ತು. ಹಾಗಾಗಿ ಡೈರಿಯ ಹೊತ್ತಿಗೆ ಹಾಕುವುದು, ಬಂದ ಮೇಲೆ ತೆಗೆದಿಡುವುದು. ತೆಗೆದಿಟ್ಟದ್ದನ್ನು ಮಂಗಳಗೌರಿ ಎಲ್ಲೆಲ್ಲೋ ಮರೆಯುವಳು. ಒಂದು ದಿನ ಅಂಗಳದಲ್ಲಿ ಬಿದ್ದಿದ್ದ ಕಾರ್ಡನ್ನು ಕೋಳಿ ಕುಕ್ಕುತ್ತಿದ್ದುದನ್ನು ಕಂಡ ಶಿವಮಲ್ಲಮ್ಮ ಅದನ್ನು ವಶಪಡಿಸಿಕೊಂಡಳು.

"ಇಷ್ಟ್ ಓದಿದ್ದೀಯೆ, ಉಗುರಷ್ಟು ಸಾಮಾನು ಕಾಯಕಾಗಲ್ವ ನಿಂಗೆ? ನನ್ ಸಂಚಿಲಿ ಇರ್ಲಿ ಬುಡು."

ಎಲೆಅಡಿಕೆಯ ಸಂಚಿ ಅದು. ಶಿವಮಲ್ಲಮ್ಮನ ಸೊಂಟ ಬಿಟ್ಟು ಅಲುಗದ್ದು. ಅದರ ಒಳಜೇಬಿನಲ್ಲಿ ಲವಂಗದ ಜೊತೆ ಕಾರ್ಡು ಕೂತಿತು. ದಿನಾ ಬೆಳಗ್ಗೆ ಸೊಸೆ ಕೈಯೊಡ್ಡುವುದು, ಅತ್ತೆ ಎಣಿಸಿ ಕಾಸು ಕೊಡುವವಳ ಗತ್ತಿನಲ್ಲಿ ತೆಗೆದುಕೊಡುವುದು. ಕಾರ್ಡಿಗೆ ಲವಂಗದ ವಾಸನೆ ಹತ್ತಿತ್ತು.

ಶಾಲೆ ಮತ್ತೆ ತೆರೆದ ವರ್ಷದ ಕಾರ್ತಿಕದಲ್ಲಿ ಶಿವಮಲ್ಲಮ್ಮ ಹೋದಳು. ಸಂಜೆ ಉಂಡು ಮಲಗಿದವಳು ಬೆಳಗ್ಗೆ ಏಳಲಿಲ್ಲ. ಅಂಥ ಸಾವನ್ನು ಪುಣ್ಯವಂತರ ಸಾವು ಅನ್ನುತ್ತಾರೆ. ಉಳಿದವರಿಗೆ ಅದು ಪುಣ್ಯವೋ ಅಲ್ಲವೋ ಯಾರು ಕೇಳಿದರು? ಹೊಲದ ಮೂಲೆಯಲ್ಲಿ ಮಾವನ ಪಕ್ಕಕ್ಕೆ ಸಮಾಧಿ. ಕೂರಿಸಿ, ವಿಭೂತಿ ಹಚ್ಚಿ, ಪತ್ರೆ ಏರಿಸಿದ್ದಾಯಿತು. ಎಲೆಅಡಿಕೆ ಹಾಕುವವರು ಹೋದರೆ ಸಂಚಿಯನ್ನೂ ಜೊತೆಗೇ ಕಳಿಸುವುದು ಆ ಮನೆಯ ರೂಢಿ. ಮಂಗಳಗೌರಿ ಹೊಸ ಎಲೆ, ಹೊಸ ಅಡಿಕೆ ತುಂಬಿ, ಸಂಚಿಯ ದಾರ ಬಿಗಿದು, ಅಳುತ್ತಾ ತನ್ನ ಕೈಯಾರೆ ಅತ್ತೆಯ ಮಡಿಲಿಗೆ ಇಟ್ಟಳು.

ಕಾರ್ಡಿನ ನೆನಪು ಬಂದದ್ದು ಸಮಾಧಿಗೆ ಹಾಲುತುಪ್ಪ ಬಿಡುವ ದಿನ. ಕೈಯಲ್ಲಿದ್ದ ಗಿಂಡಿ ಹಾಗೇ ನಿಂತುಹೋಯಿತು. ಗಂಡ ಸೋಮಶೇಖರ ಗಾಬರಿಯಾಗಿ ಏನೆಂದು ಕೇಳಿದ. ಹೇಳಿದಳು. ಅವನು ಸಮಾಧಿಯ ಮಣ್ಣನ್ನು ಅಂಗೈಯಿಂದ ಸವರಿ ಅಂದ: "ಅವ್ವನತ್ರ ಬದ್ರವಾಗದೆ ಬುಡು ಗೌರಿ." ಅಲ್ಲಿಗೆ ಆ ಮಾತು ಮುಗಿಯಿತು. ಮತ್ತೆ ಅಗೆಯುವ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಲ್ಲಿ ತರುವಂತಿರಲಿಲ್ಲ.

ಡೈರಿಯಲ್ಲಿ ಹಂಚಿದ್ದ ಫೋನುಗಳಲ್ಲಿ ಉಳಿದಿರಬಹುದೆಂದು ಆಗಲೇ ವಿಚಾರಿಸಿದ್ದಳು. ಒಬ್ಬರ ಫೋನು ತೊಟ್ಟಿಗೆ ಬಿದ್ದಿತ್ತು, ಇನ್ನೊಬ್ಬರು ಮದುವೆ ವಿಡಿಯೋಗೆ ಜಾಗ ಬೇಕೆಂದು ಅಳಿಸಿದ್ದರು. ಅಷ್ಟರಲ್ಲಿ ಉಮಾಶಂಕರನ ಫೋನನ್ನೂ ಯಾರೋ ಬಸ್ಸಿನಲ್ಲಿ ಹಾರಿಸಿದ್ದರು. ಇಲ್ಲವೆಂದ ಮೇಲೆ ಮಂಗಳಗೌರಿ ಸುಮ್ಮನಾಗಿದ್ದಳು. ಆ ಬೊಂಬೆ ಹುಡುಗ ಬಂದು ಪಿಜ್ಜಾ ಕೊಯ್ದು ಹಳೆಯ ಗಾಯ ಕೆದಕಿದ. ನಿವೃತ್ತಿಗೆ ಮುಂಚೆ ಒಂದು ಸಲ, ಒಂದೇ ಒಂದು ಸಲ, ಆ ಮುದ್ದೆಯ ಪಾಠವನ್ನು ತನ್ನ ತರಗತಿಯಲ್ಲಿ ಹಾಕಬೇಕು ಅನ್ನಿಸಿತು. ಮಕ್ಕಳಿಗಾಗಿ ಎಂದು ಮೇಘಳ ಹತ್ತಿರ ಹೇಳಿಕೊಂಡಳು. ಅದು ಅರ್ಧ ನಿಜ. ಅವಳಿಗೆ ಆ ದನಿ ಬೇಕಾಗಿತ್ತು. ಮುಖವಾದರೆ ಗೋಡೆಯ ಮೇಲೆ ಕಟ್ಟು ಹಾಕಿಸಿದ ಪಟದಲ್ಲಿದೆ. ದನಿ ಎಲ್ಲಿದೆ? ಈಚೆಗೆ ನೆನಪಿಸಿಕೊಂಡರೆ ಮಾತುಗಳು ಬರುತ್ತಿದ್ದವು, ದನಿ ಬರುತ್ತಿರಲಿಲ್ಲ.

ಮತ್ತೆ ಡೈರಿಗೆ ಹೋಗಿ ನಿಂತಳು. ಕಂಡಕಂಡವರನ್ನೆಲ್ಲ ಕೇಳಿದಳು. ಕೊನೆಗೆ, ಹಿಂದೆ ವಿಚಾರಿಸುವಾಗ ಕೈಗೆ ಸಿಗದಿದ್ದ ಚಿಕ್ಕತಾಯಮ್ಮ ಸಿಕ್ಕಿದಳು. ಎರಡು ಎಮ್ಮೆ ಕಟ್ಟಿಕೊಂಡು ಬದುಕುವ ಹೆಂಗಸು, ಒಂದು ದಿನವೂ ಪಾಠ ತಪ್ಪಿಸದೆ ಹಾಕಿಸಿಕೊಂಡು ಹೋದವಳು.

"ಅಜ್ಜಿ ಮುದ್ದೆ ಕೊಯ್ಯದು ತಾನೆ? ಅದೆ ಕಣ ಗೌರಕ್ಕ ನನ್ನತ್ರ! ಅದುನ್ನ ಅಳ್ಸಕ್ಕೆ ನಂಗೆ ಕೈ ಬರ್ನಿಲ್ಲ."

ಗಾಜು ಸೀಳಿದ್ದ ಫೋನಿನಲ್ಲಿ ಚಿಕ್ಕತಾಯಮ್ಮ ಹುಡುಕಿ ಹುಡುಕಿ ಒತ್ತಿದಳು. ಸುತ್ತ ಚೆಂಡುಹೂವಿನ ಚೌಕಟ್ಟು, ಮೂಲೆಯಲ್ಲಿ ಮಿಣುಕುವ ದೀಪ, ಮೇಲೆ 'ಲಿಂಗೈಕ್ಯ ಶಿವಮಲ್ಲಮ್ಮನವರಿಗೆ ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಬಣ್ಣದ ಅಕ್ಷರ. ನಡುವೆ ಅತ್ತೆ, ಹಲಗೆ, ಮುದ್ದೆ, ದಾರ. ಅತ್ತೆ ಬಾಯಿ ತೆರೆದಳು. ಯಾವುದೋ ಸಿನಿಮಾದ ಗಂಡು ದನಿಯ ಶೋಕಗೀತೆ ಹೊರಗೆ ಬಂತು.

ಉಮಾಶಂಕರ ಮಾಡಿದ ಕೆಲಸ. ಅಜ್ಜಿ ಸತ್ತ ದಿನ ಸ್ಟೇಟಸ್ಸಿಗೆ ಹಾಕಲು ತನ್ನಲ್ಲಿದ್ದ ವಿಡಿಯೋದ ದನಿ ತೆಗೆದು, ಪ್ರೀತಿಯಿಂದ ಹಾಡು ಕೂರಿಸಿದ್ದ. ಸಾವಿನ ಮನೆಯಲ್ಲಿದ್ದ ಮಂಗಳಗೌರಿ ಅಂದು ಫೋನು ಮುಟ್ಟಿರಲಿಲ್ಲ, ಮಾರನೆಯ ದಿನಕ್ಕೆ ಸ್ಟೇಟಸ್ಸು ಹೋಗಿತ್ತು. ಚಿಕ್ಕತಾಯಮ್ಮ ಮಾತ್ರ ಯಾರಿಗೋ ಹೇಳಿ ಅದನ್ನು ತನ್ನ ಫೋನಿನಲ್ಲಿ ಉಳಿಸಿಕೊಂಡಿದ್ದಳು. ಯಾರನ್ನು ಬೈಯುವುದು? ನಮ್ಮ ಕಡೆ ಯಾರಾದರೂ ಹೋದರೆ ಮೊದಲು ಹುಡುಕುವುದು ಹಾಡನ್ನು. ಹೋದವರು ಏನಾದರೂ ಹೇಳುತ್ತಿದ್ದರೇ ಎಂದು ಕಿವಿಗೊಡಲು ಯಾರಿಗೂ ಹೊಳೆಯುವುದಿಲ್ಲ.

"ಚಂದಾಗದೆ ಅಲ್ವ ಅಕ್ಕ? ನೋಡುದಾಗೆಲ್ಲ ಅಳ ಬತ್ತದೆ," ಅಂದಳು ಚಿಕ್ಕತಾಯಮ್ಮ.

"ಚೆನ್ನಾಗಿದೆ ಚಿಕ್ಕತಾಯಿ," ಎಂದಳು ಮಂಗಳಗೌರಿ. ಅದನ್ನೇ ತನ್ನ ಫೋನಿಗೆ ಹಾಕಿಸಿಕೊಂಡು ಮನೆಗೆ ನಡೆದಳು. ದಾರಿಯಲ್ಲಿ ಅತ್ತಳು, ಮುಚ್ಚಿಡುವುದೇನು ಬಂತು.

ಎರಡು ದಿನ ಬಿಟ್ಟು, "ಇದನ್ನು ಬೋರ್ಡಿಗೆ ಹಾಕು," ಎಂದು ಮೇಘಳ ಕೈಗೆ ಫೋನು ಕೊಟ್ಟಳು.

ನಾಲ್ಕನೇ ತರಗತಿಯ ಗೋಡೆಯ ತುಂಬ ಶಿವಮಲ್ಲಮ್ಮ ಬಂದು ಕೂತಳು. ಒಬ್ಬ ಹುಡುಗ ಅಕ್ಷರ ಕೂಡಿಸಿಕೊಂಡು, "ಶ್ರ... ದ್ಧಾಂ... ಜಲಿ. ಪಾಠದ ಎಸ್ರಾ ಮಿಸ್ ಅದು?" ಎಂದ. ಹಾಡು ಶುರುವಾಗುತ್ತಲೇ ನಾಲ್ಕಾರು ಮಕ್ಕಳು ಜೊತೆಗೆ ಗುನುಗಿದರು. ಮಂಗಳಗೌರಿ ಮುಂದೆ ಹೋಗಿ ದನಿಯನ್ನು ಪೂರ್ತಿ ಇಳಿಸಿದಳು. ಬೊಂಬೆ ಹುಡುಗನಿಗೆ ಮಾಡಿದ್ದನ್ನೇ ಸಿನಿಮಾದವನಿಗೂ ಮಾಡಿದಳು. ಮೊದಲಿಂದ ಹಚ್ಚಿ, ಬೋರ್ಡಿನ ಪಕ್ಕ ನಿಂತಳು.

ಅತ್ತೆಯ ಬಾಯಿ ಆಡಿತು. ಮಂಗಳಗೌರಿ ಮಾತಾಡಿದಳು.

"ಇದು ಇಡೀದು. ಈಗ ಅರೆ ಆಯ್ತು. ನೋಡ್ರಲಾ, ಅರೆಯ ಅರೆ ಮಾಡುದ್ರೆ ಕಾಲು."

ಮಕ್ಕಳು ಬೋರ್ಡು ಬಿಟ್ಟು ಮಿಸ್ಸನ್ನು ನೋಡಿದರು. 'ಒಲ ಅಲ್ಲ, ಹೊಲ ಅನ್ನು' ಎಂದು ದಿನಾ ತಿದ್ದುವ ಮಿಸ್ಸು ಇವರೇನಾ? ಮಂಗಳಗೌರಿಗೆ ಅದರ ಪರಿವೆ ಇರಲಿಲ್ಲ. ಅತ್ತೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳೋ ಅಲ್ಲೇ ತಾನೂ ತೆಗೆದುಕೊಂಡಳು, ಎಲ್ಲಿ ಎಳೆಯುತ್ತಿದ್ದಳೋ ಅಲ್ಲಿ ಎಳೆದಳು. ಎಮ್ಮೆಗೂ ನಾಕೇ ಕಾಲು ಅಂದಾಗ ತರಗತಿ ಗೊಳ್ಳೆಂದಿತು. ಇಷ್ಟು ದಿನ ನೆನಪಿಗೆ ಬಾರದೆ ಸತಾಯಿಸಿದ ದನಿ ಅವಳ ಗಂಟಲಿಗೇ ಬಂದಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಜನ ಹೇಳುವುದು ಬೇರೆ ಅರ್ಥದಲ್ಲಿ. ಅವತ್ತು ಇಬ್ಬರ ಕಾಲವೂ ಕೂಡಿತ್ತು.

"ಇದು ನಮ್ ಸೋಮಂಗೆ. ಇದು ಒಲ ಕಾಯೋ ನಂಜಯ್ಯಂಗೆ. ಇದು ನಂಗೆ."

ವಿಡಿಯೋ ಇಲ್ಲಿಗೆ ಮುಗಿಯಬೇಕಿತ್ತು. ಅವಳು ಡೈರಿಯಲ್ಲಿ ಹಂಚಿದ್ದು ಇಷ್ಟನ್ನೇ. ಆಗ ಕಲಿತ ಮಕ್ಕಳೆಲ್ಲ 'ಹಲಗೆಯ ಮೇಲೆ ಕಾಲು ಭಾಗ ಉಳಿಯಿತು' ಎಂದು ಬರೆದಿದ್ದರು, ಅವಳು ಸರಿ ಗುರುತು ಹಾಕಿದ್ದಳು. ಆದರೆ ಉಮಾಶಂಕರನ ಬಳಿ ಇದ್ದದ್ದು ಕತ್ತರಿಸದ ವಿಡಿಯೋ. ಶಿವಮಲ್ಲಮ್ಮ ನಾಲ್ಕನೇ ಪಾಲನ್ನು ಎತ್ತಿದಳು. ಗೋಡೆಯಿಂದ ಕೈ ಚಾಚಿದಳು. ತುಟಿ ಆಡಿತು.

ಮಂಗಳಗೌರಿ ಮಾತು ನಿಲ್ಲಿಸಿ ಆ ಕೈಯನ್ನೇ ನೋಡಿದಳು.

"ಅಜ್ಜಿ ಏನಂತಾವ್ರೆ ಮಿಸ್?" ಮುಂದಿನ ಸಾಲಿನ ಹುಡುಗಿ ಕೇಳಿದಳು. "ಅದ್ಯಾರ್ಗೆ?"

"ತಕ್ಕೊ ಗೌರಿ," ಎಂದಳು ಮಂಗಳಗೌರಿ, ಬಹಳ ಮೆಲ್ಲಗೆ. "ಇದು ನಿಂದು. ಆರೋಯ್ತದೆ."

"ಗೌರಿ ಅಂದ್ರೆ ನೀವಾ ಮಿಸ್?"

"ನಾನೇ."

ಆ ಹುಡುಗಿ ಬಹಳ ಸಹಜವಾಗಿ, "ಮತ್ತೆ ತಕ್ಕೊಳ್ಳಿ ಮಿಸ್," ಎಂದಳು.

ಮಂಗಳಗೌರಿ ಕೈ ಚಾಚಿದಳು. ಬೆರಳು ಗಾಜಿಗೆ ತಾಗಿತು. ಮುಟ್ಟಿದರೆ ಸಾಕು ಎಂದು ಆ ಹುಡುಗರು ಹೇಳಿದ್ದು ಸುಳ್ಳಲ್ಲ. ಓಡುತ್ತಿದ್ದ ಚಿತ್ರ ಅಲ್ಲೇ ನಿಂತಿತು. ಅತ್ತೆಯ ಕೈ, ಕೈಯಲ್ಲಿ ಮುದ್ದೆಯ ಪಾಲು, ಅದರ ಮೇಲೆ ಸೊಸೆಯ ಬೆರಳು.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಮಕ್ಕಳ ಕಡೆಗೆ ತಿರುಗಿದಳು. ಪಾಠ ಮುಗಿಸಬೇಕಲ್ಲ.

"ಈಗ ಹೇಳಿ. ಹಲಗೆಯ ಮೇಲೆ ಎಷ್ಟು ಉಳಿಯಿತು?"

"ಏನೂ ಉಳೀನಿಲ್ಲ ಮಿಸ್," ಎಂದರು ಮಕ್ಕಳು. "ಎಲ್ಲಾರ್ಗೂ ಸೇರ್ತು."